ಚಂದಾಪುರಕ್ಕೆ ಹೋಗಿದ್ದ ಎಂಜೈಮ್ ವಯಲ್

ಕೊರೊನಾ ಕಾಲ ಮುಗಿದ ಮೇಲಿನ ಮಾತು. ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಬಯೋಟೆಕ್ ಕಂಪನಿಯೊಂದರಲ್ಲಿ ನಾನು ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ನಮ್ಮ ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಲಿವರಿನಲ್ಲಿ ಕೂಡಿಟ್ಟು, ಊಟವಿಲ್ಲದ ಹೊತ್ತಿನಲ್ಲಿ ಬಳಸುತ್ತದೆ. ಆ ಗ್ಲೈಕೋಜನ್ ಕಟ್ಟುವ, ಮನುಷ್ಯರ ದೇಹದಲ್ಲಿರುವ ಎಂಜೈಮನ್ನು, ಅದರ ಜೀನ್ ಅನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ನಾವು ತಯಾರಿಸುತ್ತಿದ್ದೆವು. ಇದೇ ರಿಕಾಂಬಿನೆಂಟ್ ಎಂಜೈಮ್. ಲ್ಯಾಬ್‌ಗಳ ಸಂಶೋಧನೆಗಷ್ಟೇ ಅದರ ಬಳಕೆ.

ಒಂದು ಮಧ್ಯಾಹ್ನ, ಎಂಜೈಮ್ ತುಂಬಿದ ವಯಲ್ ಎಂಬ ಪುಟ್ಟ ಸೀಸೆಯ ಲೇಬಲ್ ಮೇಲಿದ್ದ ನಂಬರಿಗೆ ಬಂದ ಕರೆಯೊಂದನ್ನು ನನಗೆ ಕೊಟ್ಟರು.

“ಮೇಡಂ, ಈ ಔಷಧ ನಾಕು ವರ್ಷದ ಕೂಸಿಗೆ ಎಷ್ಟು ಕೊಡಬೇಕ್ರಿ?”

ಬ್ಯಾಚ್ ನಂಬರ್ ಓದಿ ಎಂದೆ. ಆತ ಒಂದೊಂದೇ ಅಂಕಿಯಾಗಿ ಓದಿದ. ನಮ್ಮದೇ. ಮಗಳ ಲಿವರಿನಲ್ಲಿ ಇದೇ ಎಂಜೈಮ್ ಇಲ್ಲವೆಂದು ಡಾಕ್ಟರು ಹೇಳಿದ್ದರಂತೆ. ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ತಮ್ಮ ಇದನ್ನು ತಂದುಕೊಟ್ಟನಂತೆ.

“ಕೊಡಬೇಡಿ! ಅದು ಔಷಧಿ ಅಲ್ಲ!”

“ಹ್ಯೂಮನ್ ಅಂತ ಬರದೈತಲ್ರಿ ಮ್ಯಾಲ? ಸೂಜಿ ಹಾಕಾವ್ರು ಬರಾಕತ್ತಾರ...”

ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಬ್ಯಾಕ್ಟೀರಿಯಾದಿಂದ ಬರುವ ಎಂಡೋಟಾಕ್ಸಿನ್ ಎಂಬ ವಿಷ ಆ ವಯಲ್‌ನಲ್ಲಿ ಉಳಿದಿರುತ್ತದೆ. ಪರೀಕ್ಷಾನಳಿಕೆಗೆ ಅದರಿಂದ ತೊಂದರೆಯಿಲ್ಲ, ಮಗುವಿನ ರಕ್ತಕ್ಕೆ ಸೇರಿದರೆ ಪ್ರಾಣವೇ ಹೋಗಬಹುದು. ಬ್ಯಾಚ್ ನಂಬರಿನಿಂದ ಕಾಲೇಜು ಸಿಕ್ಕಿತು, ಅಲ್ಲಿಂದ ಆ ತಮ್ಮ, ಅವನಿಂದ ವಿಳಾಸ. ಕರೆ ಮಾಡಿದ್ದ ಅಣ್ಣ ಬಸವರಾಜ, ಚಂದಾಪುರದ ಬಾಡಿಗೆ ರೂಮು. ಕಂಪನಿಯ ಕಾರಿನಲ್ಲಿ ಹೊರಟೆ. ಹೊಸೂರು ರಸ್ತೆಯಲ್ಲಿ ಲಾರಿಗಳು ಅಲುಗಾಡದೆ ನಿಂತಿದ್ದವು. ಪ್ರತಿ ಸಿಗ್ನಲ್‌ನಲ್ಲೂ ಈಗಾಗಲೇ ಚುಚ್ಚಿಬಿಟ್ಟಿದ್ದಾರೆ ಎಂದೇ ಅನಿಸುತ್ತಿತ್ತು. ಚಂದಾಪುರದಲ್ಲಿ ಕಾರಿಳಿದು ಗಲ್ಲಿಯೊಳಗೆ ಓಡಿದೆ.

ರೂಮಿನಲ್ಲಿ ಕ್ಲಿನಿಕ್ಕಿನ ಕಾಂಪೌಂಡರ್ ಸಿರಿಂಜ್ ತುಂಬಿಸಿಕೊಂಡು ಮಗುವಿನ ತೋಳು ಹಿಡಿದಿದ್ದ.

“ನಿಲ್ಸ್ರೀ! ಚುಚ್ಚಿದ್ರೆ ಮಗು ಉಳಿಯಲ್ಲ!”

“ಅಯ್ಯೋ, ಔಷಧಿ ಅಂದ್ರಲ್ಲ ಮೇಡಂ ಇವ್ರು!” ಎಂದು ಅವನು ಪಕ್ಕದಲ್ಲಿದ್ದ ಬಸವರಾಜನತ್ತ ನೋಡಿ ಕೈ ಹಿಂದೆಗೆದ. ವಯಲ್, ಸಿರಿಂಜ್ ಎರಡನ್ನೂ ಕಸಿದುಕೊಂಡೆ.

ಆಗಲೇ ಮಗುವಿನ ಮುಖ ಕಂಡದ್ದು. ಬಿಳಿಚಿಕೊಂಡು ಬೆವೆತಿತ್ತು, ಕತ್ತು ನಿಲ್ಲುತ್ತಿರಲಿಲ್ಲ.

“ಬೆಳಿಗ್ಗೆಯಿಂದ ಏನು ತಿಂದಿದ್ದಾಳೆ?”

“ಏನೂ ಇಲ್ರಿ,” ಎಂದಳು ತಾಯಿ. “ಸೂಜಿ ಹಾಕೂ ಮುಂದ ಖಾಲಿ ಹೊಟ್ಟಿ ಇರಬೇಕಂತ ಕೊಟ್ಟಿಲ್ರಿ.”

ಈ ಕಾಯಿಲೆಯಲ್ಲಿ ಖಾಲಿ ಹೊಟ್ಟೆಯೇ ಕಂಟಕ. ಕೂಡಿಟ್ಟ ಸಕ್ಕರೆ ಇರುವುದಿಲ್ಲ. “ಸಕ್ಕರೆ ನೀರು ತನ್ನಿ, ಬೇಗ!” ಎಂದೆ. ಮೊದಲ ಚಮಚ ತುಟಿಯಂಚಿನಿಂದ ಹರಿದುಹೋಯಿತು. ಅವಳ ತಲೆ ಎತ್ತಿ ಹಿಡಿದೆ. ಎರಡನೆಯದನ್ನು ನುಂಗಿದಳು. ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಗ್ಲೂಕೋಸ್ ಡ್ರಿಪ್ ಏರತೊಡಗಿದ ಸ್ವಲ್ಪ ಹೊತ್ತಿಗೆ, “ಅವ್ವಾ, ಹೊಟ್ಟಿ ಹಸದೈತಿ” ಎಂದಳು. ತಾಯಿ ಗೋಡೆಗೊರಗಿ ಕುಸಿದು ಅತ್ತಳು.

ಆಗಾಗ ಊಟ, ಮಲಗುವ ಮುಂಚೆ ನೀರಿನಲ್ಲಿ ಕಲಸಿದ ಹಸಿ ಕಾರ್ನ್‌ಫ್ಲೋರ್, ಸದ್ಯಕ್ಕೆ ಚಿಕಿತ್ಸೆ ಅದೇ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬಸವರಾಜ ನನ್ನತ್ತ ತಿರುಗಿದ.

“ಹಂಗಾರ ನೀವು ಮಾಡೂದು ಯಾರಿಗ್ರಿ ಮೇಡಂ?”

“ಈ ಕಾಯಿಲೆ ಅರ್ಥ ಮಾಡ್ಕೊಳ್ಳೋರಿಗೆ. ಔಷಧಿ ಇನ್ನೂ ದೂರ ಇದೆ ಬಸವರಾಜ್.”

“ದೂರ ಅಂದ್ರ ಎಷ್ಟ್ರಿ?”

ಗೊತ್ತಿಲ್ಲ ಎಂದೆ. ಕಂಗಾಲಾದ ತಂದೆಗೆ ಲೇಬಲ್ ಮೇಲಿನ ‘ಹ್ಯೂಮನ್’ ಎಂಬ ಒಂದೇ ಒಂದು ಪದ ಸಾಕು, ಅದನ್ನೇ ಹಿಡಿದು ಹೊರಟುಬಿಡುತ್ತಾನೆ. ಅಂಥವನ ಎದುರು ನಿಂತು ‘ಗೊತ್ತಿಲ್ಲ’ ಎನ್ನುವುದೂ ನನ್ನ ಕೆಲಸದ ಭಾಗವೆಂದು ಅವತ್ತು ಕಲಿತೆ.