ನೆಲ ಮುಟ್ಟುತ್ತಿದ್ದ ಬ್ರೇಕ್ ಪೆಡಲ್

ನನ್ನ ಹಳೆಯ ಕಾರಿನ ಮುಂದಿನ ಚಕ್ರಗಳಿಗೆ ಡ್ರಮ್ ತೆಗೆಸಿ ಡಿಸ್ಕ್ ಬ್ರೇಕ್ ಹಾಕಿಸಿದ್ದು ಪರ್ವರಿಯ ಒಂದು ಚಿಕ್ಕ ಗ್ಯಾರೇಜಿನಲ್ಲಿ. ಮೇಸ್ತ್ರಿ ಬಾಗಲಕೋಟೆ ಕಡೆಯವರು, ನಾನು ಧಾರವಾಡದವನು. ಪರರಾಜ್ಯದಲ್ಲಿ ಇಬ್ಬರೂ ಕನ್ನಡದವರು, ಹಾಗಾಗಿ ಸ್ವಲ್ಪ ಸಲಿಗೆಯಿತ್ತು. ಮೂರು ವಾರ ಕಳೆದ ಮೇಲೆ ಪೆಡಲ್ ಒತ್ತಿದರೆ ನೆಲದವರೆಗೂ ಹೋಗುತ್ತಿತ್ತು. ಎರಡು ಸಲ ಒತ್ತಿದರಷ್ಟೇ ಬ್ರೇಕ್ ಹಿಡಿಯುತ್ತಿತ್ತು.

ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಇನ್ನೊಬ್ಬ ಗಿರಾಕಿಯ ಜೊತೆ ಮಾತನಾಡುತ್ತಿದ್ದರು. ಅವರು ಕಾರವಾರದವರು, ತಮ್ಮ ಜೀಪಿಗೂ ಡಿಸ್ಕ್ ಹಾಕಿಸಲು ಬಂದಿದ್ದರು. ಜೀಪಿನ ಕೀಲಿ ಆಗಲೇ ಮೇಜಿನ ಮೇಲಿತ್ತು. ಅವರ ಎದುರಿಗೇ ನಾನು ಶುರುಮಾಡಿದೆ.

"ಜೀವದ ಜೋಡಿ ಆಟ ಆಡ್ತೀರೇನ್ರಿ? ಕೊಟ್ಟ ದಿನದಿಂದ ಪೆಡಲ್ ಹಿಂಗ ಐತಿ. ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಸಣ್ಣದಾಗೇತಿ. ಅದರ ಲೆಕ್ಕ ನಿಮಗ ಗೊತ್ತಿಲ್ಲ."

"ಆವತ್ತ ನೀವ ಓಡಿಸಿ ನೋಡಿ 'ಭಾಳ ಚಲೋ ಆಗೇತಿ' ಅಂದ್ರಲ್ಲರಿ, ಸರ?"

"ನಾ ಹಂಗ ಅಂದಿಲ್ಲ."

ಜೀಪಿನವರು ಕೀಲಿಯನ್ನು ಮೆಲ್ಲಗೆ ಜೇಬಿಗಿಳಿಸಿದರು. "ನಮ್ಮದು ಮತ್ತೆ ನೋಡುವಾ" ಎಂದು ಹೊರಟುಹೋದರು.

ಮೇಸ್ತ್ರಿ ನನ್ನ ಕಾರಿಗೆ ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಡಿಸ್ಕನ್ನು ಅಪ್ಪಿ ಹಿಡಿಯುವ ಕ್ಯಾಲಿಪರನ್ನು ಬೆರಳಿನಿಂದ ಸವರಿದರು.

"ಇದಕ್ಕ ಕೆಂಪು ಬಣ್ಣ ಯಾರು ಬಳದ್ರಿ?"

"ನಾನ. ಬಿಚ್ಚಲಾರದ ಬಳದೇನಿ."

"ಬಿಚ್ಚಲಾರದ ಬಳದ್ರ ಬೋಲ್ಟಿನ ಬುಡಕ್ಕ ಬಣ್ಣ ಹೆಂಗ ಹೋತ್ರಿ? ಎಡಗಡೀದು ಬಲಕ್ಕ, ಬಲಗಡೀದು ಎಡಕ್ಕ ಕುಂತಾವ. ಗಾಳಿ ಬಿಡೋ ನಿಪ್ಪಲ್ ಕೆಳಗ ಬಂದೈತಿ. ಆಯಿಲ್ ಒಳಗ ಸೇರಿದ ಗಾಳಿ ಮ್ಯಾಲೆ ಇರ್ತೈತಿ. ಕೆಳಗಿಂದ ಎಷ್ಟ ಆಯಿಲ್ ಬಿಟ್ರೂ ಆ ಗಾಳಿ ಹೊರಗ ಬರಂಗಿಲ್ಲ, ಅದಕ್ಕ ಪೆಡಲ್ ನೆಲ ಮುಟ್ಟತೈತಿ."

ಅವರ ಮಾತು ಸುಳ್ಳೆಂದು ತೋರಿಸಲು ಹೆಂಡತಿಗೆ ಫೋನ್ ಮಾಡಿದೆ. ನಾನು ಕ್ಯಾಲಿಪರ್ ಬಿಚ್ಚಿದ್ದೆನಾ ಎಂದು ಸ್ಪೀಕರ್ ಹಾಕಿಯೇ ಕೇಳಿದೆ.

"ನಾನೇನ್ರೀ ಹೇಳ್ಲಿ? ಹೋದ ರವಿವಾರ ಅವೆರಡೂ ಬಾಲ್ಕನ್ಯಾಗ ಒಣಗಾಕತ್ತಿದ್ವು. ಆಮ್ಯಾಲೆ ಗಾಳಿ ತೆಗಿಯಾಕ ಪೆಡಲ್ 'ಒತ್ತು, ಹಿಡಿ, ಬಿಡು' ಅಂತ ಎರಡ ತಾಸು ನನ್ನ ಕಾಲು ಮುರದ್ರಿ. ಮರತೀರೇನು?"

ಮೇಸ್ತ್ರಿ ಸ್ಪ್ಯಾನರ್ ಹುಡುಕುವವರಂತೆ ಬೇರೆಡೆ ತಿರುಗಿಕೊಂಡರು. ಅದು ನನ್ನ ಮೇಲಿನ ಕರುಣೆ ಎಂದು ಗೊತ್ತಾಗಿ ಇನ್ನಷ್ಟು ಕುಗ್ಗಿದೆ. ಪುರಾವೆಯಿಲ್ಲದೆ ಯಾರ ಮಾತನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನ ನೆನಪಿನಿಂದ ಮಾತ್ರ ಎಂದೂ ಪುರಾವೆ ಕೇಳಿರಲಿಲ್ಲ. ಕಾರಿನಡಿ ಅಂಗಾತ ಮಲಗಿ ಬಣ್ಣ ಬಳಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅದು ನಡೆದೇ ಇಲ್ಲ.

ಕ್ಯಾಲಿಪರುಗಳನ್ನು ಅದಲುಬದಲು ಮಾಡಿ ಗಾಳಿ ತೆಗೆದ ಮೇಲೆ ಮೇಸ್ತ್ರಿ ತಾವೇ ಓಡಿಸಿದರು. ಬ್ರೇಕ್ ಮುಟ್ಟಿದವನೇ ಮೊದಲು ಓಡಿಸಬೇಕೆಂಬುದು ಅವರ ಪದ್ಧತಿ; ನಾನು ಪಕ್ಕದಲ್ಲಿ ಕೂತಿದ್ದೆ. ಪೆಡಲ್ ಒಂದೇ ಅಂಗುಲಕ್ಕೆ ಗಟ್ಟಿಯಾಗಿ ನಿಂತಿತು.

"ನಂದ ತಪ್ಪಾತ್ರಿ" ಎಂದೆ.

"ನನಗ ಯಾಕ ಹೇಳ್ತೀರಿ, ಸರ? ಆ ಜೀಪಿನವರಿಗೆ ಹೇಳ್ರಿ. ನಂಬರ್ ಕೊಡ್ತೇನಿ. ಅವರ ಹಿಂದ ಇನ್ನೂ ಇಬ್ಬರು ಗೆಳ್ಯಾರು ಬರೋರಿದ್ರು."

ಅಂದು ಸಂಜೆಯೇ ಫೋನ್ ಮಾಡಿದೆ. "ಸರಿಯಾಯ್ತಾ? ಒಳ್ಳೇದಾಯ್ತು" ಎಂದರು ಅವರು. ತಪ್ಪು ಮೇಸ್ತ್ರಿಯದಲ್ಲ, ನನ್ನದೇ ಎಂದು ಸ್ಪಷ್ಟವಾಗಿ ಹೇಳಿದೆನೆಂದೇ ನನ್ನ ನೆನಪು. ಆದರೆ ಎರಡು ತಿಂಗಳಾದರೂ ಆ ಜೀಪು ಗ್ಯಾರೇಜಿಗೆ ಬಂದಿಲ್ಲ. ಗೆಳೆಯರೂ ಬಂದಿಲ್ಲ. ನಾನು ಹೇಳಿದೆನೋ ಇಲ್ಲವೋ ಎಂದು ಮೇಸ್ತ್ರಿ ಒಮ್ಮೆಯೂ ಕೇಳಿಲ್ಲ.

ಮತ್ತೆ ಫೋನ್ ಮಾಡಿ, ಅಂದು ನಾನು ನಿಜಕ್ಕೂ ಏನೆಂದೆ ಎಂದು ಜೀಪಿನವರನ್ನೇ ಕೇಳಬಹುದು. ಇನ್ನೂ ಮಾಡಿಲ್ಲ.