ತಮ್ಮನ ಹೆಸರಿಗೊಂದು ಟ್ರಸ್ಟು

ನಮ್ಮಮ್ಮನೂ ನನ್ನ ಹೆಂಡತಿಯೂ ಮಾತು ಬಿಟ್ಟಿದ್ದ ದಿನಗಳಲ್ಲಿ ಪಾಂಡವಪುರದ ನಮ್ಮ ಮನೆ ನಡೆದದ್ದು ನನ್ನ ತಮ್ಮನಿಂದ. ಅವನಿಗೆ ವಯಸ್ಸು ನಲವತ್ತರ ಹತ್ತಿರ. ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನಷ್ಟೇ ಎಂದು ಮೈಸೂರಿನ ಡಾಕ್ಟರು ಬಹಳ ಹಿಂದೆಯೇ ಹೇಳಿಬಿಟ್ಟಿದ್ದರು. ಡಾಕ್ಟರು ಅಳೆಯದೆ ಬಿಟ್ಟ ಬುದ್ಧಿಯೂ ಅವನಲ್ಲಿ ಸ್ವಲ್ಪ ಇದೆ ಎಂಬುದು ನನ್ನ ಅನುಮಾನ. ಜಗಲಿಯಲ್ಲಿ ಕೂತ ಅಮ್ಮನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ಸುದ್ದಿ ಒಯ್ಯುವ ಕೆಲಸ ಅವನದಾಗಿತ್ತು.

"ಆ ಮಾರಾಣಿಗೆ ಯೋಳು, ಸಾರ್ಗೆ ಉಪ್ಪು ಸುರ್ದವ್ಳೆ, ನನ್ನ ಬ್ಯಾಗ್ನೆ ಸಾಯ್ಸಕ್ಕೆ ನೋಡ್ತಾವ್ಳೆ ಅಂತ" ಎಂದು ಅಮ್ಮ ಕಳಿಸಿದರೆ, ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ಗೆ, ಅಮ್ಮಂಗೆ ಮಜ್ಗೆ ಬೇಕಂತೆ" ಎನ್ನುತ್ತಿದ್ದ. ನನ್ನ ಹೆಂಡತಿಯೇನು ಕಡಿಮೆಯೇ? "ಬೇಕಾದ್ರೆ ಅವ್ರೇ ಎದ್ದು ಬಂದು ಬೇಯಿಸ್ಕಂಡು ಉಣ್ಲಿ" ಎಂದು ಸಿಡುಕಿದರೆ, ಅಮ್ಮನಿಗೆ ತಲುಪುತ್ತಿದ್ದದ್ದು "ತತ್ತಾವ್ರೆ, ಇರು" ಎಂಬುದಷ್ಟೇ. ಬೈಗುಳವೆಲ್ಲ ನಡುಮನೆಯಲ್ಲೇ ಉದುರಿಹೋಗುತ್ತಿತ್ತು. ಮಜ್ಜಿಗೆಯಂತೂ ಬರುತ್ತಿತ್ತು.

ಇಬ್ಬರೂ ಮಾತು ಬಿಟ್ಟದ್ದು ಅವನ ಹೆಸರಿನಲ್ಲಿ ಅಮ್ಮ ಮಾಡಿಸಹೊರಟಿದ್ದ ಟ್ರಸ್ಟಿನಿಂದಾಗಿ. ಕೆ.ಆರ್.ಪೇಟೆಯಲ್ಲಿ ಅಮ್ಮನಿಗೆ ತವರಿನಿಂದ ಬಂದ ಸಣ್ಣ ಮನೆಯೊಂದಿದೆ, ಬಾಡಿಗೆಗೆ ಕೊಟ್ಟಿದ್ದೇವೆ. ಅದನ್ನು ತಮ್ಮನ ಹೆಸರಿಗೇ ಬರೆದರೆ ನಾಳೆ ಯಾರಾದರೂ ಅವನಿಗೆ ಮಿಠಾಯಿ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡಾರು ಎಂದು ಅಲ್ಲಿಯ ವಕೀಲರು ಎಚ್ಚರಿಸಿದರು. ಬದಲಿಗೆ ಮನೆಯನ್ನು ಟ್ರಸ್ಟಿಗೆ ಬಿಟ್ಟರೆ ಅದರ ಬಾಡಿಗೆ ಅವನು ಇರುವವರೆಗೂ ಅವನ ಊಟ, ಬಟ್ಟೆ, ಔಷಧಿಗೇ ಹೋಗುತ್ತದೆ. ನೋಡಿಕೊಳ್ಳಲು ನಂಬಿಕಸ್ಥರೊಬ್ಬರು ಟ್ರಸ್ಟಿಯಾದರೆ ಸಾಕು ಎಂದರು. ತಾನು ಹೋದ ಮೇಲೆ ಇವನ ಗತಿಯೇನು ಎಂಬ ಯೋಚನೆಯಲ್ಲೇ ಸವೆದಿದ್ದ ಅಮ್ಮ ತಕ್ಷಣ ಒಪ್ಪಿದಳು. ಟ್ರಸ್ಟಿ ಯಾರೆಂದು ನಾನು ಕೇಳಲೂ ಇಲ್ಲ. ಹಿರಿಮಗ, ಬಾಗಿಲು ಕಿಟಕಿ ಮಾಡುವ ಸ್ವಂತ ಅಂಗಡಿ ಇರುವವನು, ನಾನಿರುವಾಗ ಇನ್ನು ಯಾರು?

ಸುದ್ದಿ ಕಿವಿಗೆ ಬಿದ್ದದ್ದೇ ನನ್ನ ಹೆಂಡತಿ ಕೆಂಡವಾದಳು. "ನಾನ್ ಅವನ್ಗೆ ಉಣ್ಣಕ್ಕೆ ಇಟ್ಟು ಆಕಲ್ಲ ಅಂತ ಊರ್ಗೆಲ್ಲ ಸಾರಕ್ಕೆ ಕಾಗ್ದ ಮಾಡುಸ್ತಾವ್ರಾ? ಮದ್ವೆಯಾಗಿ ಬಂದಾಗ್ನಿಂದ ಅವನ್ ತಲೆ ಬಾಚ್ತಿರೋಳು ಯಾರು?" ಎಂದು ಅತ್ತಳು. ನಾನು ಅದನ್ನು ಅಮ್ಮನಿಗೆ ಹೇಳಿದರೆ, "ಅವ್ಳಿಗೇನ್ ಗೊತ್ತಾಯ್ತದೆ, ಸುಮ್ಕಿರ್ಲಾ" ಎಂದಳು. ಇದು ಒಳಗಿದ್ದವಳಿಗೆ ಕೇಳಿಸಿತು. ಅಲ್ಲಿಗೆ ಮಾತು ನಿಂತಿತು. ನಾನು ಅಂಗಡಿಗೆ ಹೋಗಿ, ಉಜ್ಜಿ ಮುಗಿಸಿದ್ದ ಹಲಗೆಯನ್ನೇ ಮತ್ತೆ ಉಜ್ಜುತ್ತ ಕೂತೆ.

ನೋಂದಣಿಯ ದಿನ ಬೆಳಿಗ್ಗೆ ವಕೀಲರು ಫೋನು ಮಾಡಿ, ಟ್ರಸ್ಟಿಯ ಆಧಾರ್ ಕಾರ್ಡು ಮರೆಯಬೇಡಿ ಎಂದರು. "ಜೇಬಲ್ಲೇ ಇದೆ ಸಾರ್" ಎಂದೆ. "ನಿಮ್ದಲ್ಲ, ನಿಮ್ಮ ಮನೆಯವ್ರದು" ಎಂದರು. ವಕೀಲರ ಆಫೀಸಿನಲ್ಲಿ ಟ್ರಸ್ಟಿನ ಪತ್ರ ಬರೆಸಿದ ದಿನ ಅಮ್ಮ ನನ್ನನ್ನು ಟೀ ತರಲು ಆಚೆಗೆ ಅಟ್ಟಿದ್ದು ಯಾಕೆಂದು ಆಗ ಹೊಳೆಯಿತು.

"ಏನವ್ವಾ ಇದು? ನಾನ್ ಬದ್ಕಿದ್ದೀನೋ ಸತ್ತಿದ್ದೀನೋ?" ಎಂದು ಜಗಲಿಯಲ್ಲಿ ಕೂಗಾಡಿದೆ.

"ಬದ್ಕಿದ್ದೀಯ ಕಣ್ಲಾ, ಒಳ್ಳೇವ್ನೇಯ" ಎಂದಳು ಅಮ್ಮ, ಸ್ವಲ್ಪವೂ ಕದಲದೆ. "ಯಾರಾದ್ರೂ ನೆಂಟ್ರು ಬಂದು ಕಣ್ಣೀರಾಕುದ್ರೆ ಜೇಬಲ್ಲಿರೋದ್ನೆಲ್ಲ ಕೊಟ್ಬುಡ್ತೀಯ. ಅವ್ಳು ಕೊಡಲ್ಲ."

"ಅವ್ಳ ತಾವ ನೀನು ಮಾತೇ ಆಡಲ್ವಲ್ಲ!"

"ಜಗ್ಳ ಬ್ಯಾರೆ ಕಣ್ಲಾ."

ಅಮ್ಮ ತಮ್ಮನನ್ನು ಕರೆದು, ಎದುರಿಗೆ ನಿಲ್ಲಿಸಿಕೊಂಡು, ಅವನ ಅಂಗಿಯ ಗುಂಡಿ ಸರಿಮಾಡುತ್ತ ಹೇಳಿದಳು: "ನಿಮ್ಮತ್ಗೆಗೆ ಯೋಳು ಮಗಾ. ಅವ್ಳು ನಿನ್ನ ನೋಡ್ಕಳಲ್ಲ ಅಂತ ಅಲ್ಲ ನಾನ್ ಇದ್ನ ಮಾಡುಸ್ತಿರೋದು. ನೋಡ್ಕತಾಳೆ ಅಂತ ಗೊತ್ತಿರೋದ್ಕೇಯ. ನಿಂಗೊಂದು ಮಾತ್ರೆ ತರಕ್ಕೂವೆ ಅವ್ಳು ಯಾರ್ ಮುಂದೂ ಕೈ ಚಾಚ್ಬಾರ್ದು, ಕಟ್ಕಂಡ ಗಂಡನ್ ಮುಂದೂವೆ..." ಅಷ್ಟರಲ್ಲಿ ಅವಳ ಸೆರಗು ಬಾಯಿಗೆ ಹೋಯಿತು. ಆ ಕಟ್ಟಿಕೊಂಡ ಗಂಡ ಪಕ್ಕದಲ್ಲೇ ಮರದ ಕಂಬದ ಹಾಗೆ ನಿಂತಿದ್ದ.

ತಮ್ಮ ಅವಳ ಮುಖವನ್ನೇ ನೋಡಿ ಒಳಗೆ ಹೋದ. ಅಷ್ಟುದ್ದದ ಮಾತನ್ನು ಇವನು ಏನು ಮಾಡುತ್ತಾನೋ ಎಂದು ನಾನೂ ಹಿಂದೆಯೇ ಹೋದೆ.

"ಅತ್ಗೆ, ಅಮ್ಮ ಅಳ್ತಾವ್ಳೆ. ನೀನೇ ಬೇಕಂತೆ."

ಉಳಿದದ್ದನ್ನು ನಾನು ಹೇಳಿದೆ, ಟ್ರಸ್ಟಿ ಅವಳೇ ಎಂಬುದನ್ನೂ, ಗಂಡನ ಮುಂದೂ ಎಂಬುದನ್ನೂ ಸೇರಿಸಿ. ನನ್ನ ಹೆಂಡತಿ ಒಲೆ ಆರಿಸಿದಳು, ಕೈ ತೊಳೆದಳು, ಕೋಣೆಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಜಗಲಿಗೆ ಬಂದು ನಿಂತು, "ಅತ್ತೆ, ಬಸ್ಸಿಗೆ ಒತ್ತಾಯ್ತು, ಎದ್ದೇಳಿ" ಎಂದಳು. ಅವಳನ್ನು ಮದುವೆಯಾದದ್ದಕ್ಕೆ ನನಗೆ ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಹೇಳಲಿಲ್ಲ, ಹೇಳಿದ್ದರೆ ಬೈಯುತ್ತಿದ್ದಳು.

ಕೆ.ಆರ್.ಪೇಟೆಯ ನೋಂದಣಿ ಕಚೇರಿಯಲ್ಲಿ ಫೋಟೋ, ಬೆರಳಚ್ಚು, ಸಹಿ ಎಲ್ಲ ಮುಗಿಯಿತು. ತನ್ನ ಫೋಟೋವನ್ನೂ ತೆಗೆಯಬೇಕೆಂದು ತಮ್ಮ ಹಟ ಹಿಡಿದ; ಅಲ್ಲಿಯ ಗುಮಾಸ್ತರು ಒಳ್ಳೆಯವರು, ತೆಗೆದಂತೆ ಮಾಡಿ ನಗಿಸಿದರು. ಹೊರಗಿನ ಬೆಂಚಿನ ಮೇಲೆ ಅತ್ತೆ ಸೊಸೆ ಪಕ್ಕಪಕ್ಕದಲ್ಲಿ ಕೂತಿದ್ದರು.

"ಬಿಸಿ ಮುದ್ದೆ ಉಣ್ಣಲ್ಲ ಅವ್ನು" ಎಂದಳು ಅಮ್ಮ.

"ಗೊತ್ತು ಅತ್ತೆ."

"ಕೋಣೆ ಬಾಗ್ಲು ಪೂರ್ತಿ ಆಕುದ್ರೆ ಎದುರ್ಕತಾನೆ."

"ಅದೂ ಗೊತ್ತು."

"ಗುಡುಗು ಬಂದ್ರೆ..."

"ಪಕ್ದಲ್ಲಿ ಕೂತ್ಕಂಡು ಹಾಡೇಳ್ಬೇಕು. ಯಾವ ಹಾಡು ಅಂತಾನೂ ಗೊತ್ತು."

ಅಮ್ಮ ಹೌದೆಂಬಂತೆ ತಲೆಯಾಡಿಸಿದಳು.

ಸಂಜೆಯ ಬಸ್ಸಿನಲ್ಲಿ ವಾಪಸು ಹೊರಟೆವು. ತಮ್ಮ ಜೊತೆಗಿದ್ದಾಗ ಅಮ್ಮ ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ಕಂಡೇ ಇರಲಿಲ್ಲ. ಬಸ್ಸು ನಿಂತಲ್ಲೆಲ್ಲ ಅವನು ಇಳಿಯಲು ಎದ್ದುಬಿಡುತ್ತಾನೆ, ಅದಕ್ಕೇ ಅವನ ಅಂಗಿಯ ತುದಿಯನ್ನು ಅವಳು ಬಿಗಿಯಾಗಿ ಹಿಡಿದೇ ಕೂರುತ್ತಿದ್ದಳು. ಅವತ್ತು ಚಿನಕುರಳಿ ಬರುವ ಮೊದಲೇ ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆಹೋದಳು. ಅಂಗಿಯ ತುದಿ ನನ್ನ ಹೆಂಡತಿಯ ಕೈಯಲ್ಲಿತ್ತು.

ಪಾಂಡವಪುರದ ದೀಪಗಳು ಕಂಡಾಗ ಅಮ್ಮನನ್ನು ಎಬ್ಬಿಸಲು ಹೋದೆ. ನನ್ನ ಹೆಂಡತಿ ಕಣ್ಣಲ್ಲೇ ತಡೆದಳು.

"ಇರಿ, ಇನ್ನೊಸಿ ಒತ್ತು ಮಲಗ್ಲಿ. ಬಸ್ಸು ನಿಂತ್ ಮ್ಯಾಕೆ ನಾನೇ ಎಬ್ಬುಸ್ತೀನಿ."