ಪಾದ್ರಿಗಳಿಗೆ ಗುರುವಾರದ ಊಟ

ಲಾರೆನ್ಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಮೆರಿಕನ್ ಅಜ್ಜಿಗೆ ಆಗಸ್ಟ್ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಅರ್ಧ ಗಂಟೆ ದೂರದ ಪೈನ್ ಮರಗಳ ತೋಪಿನಲ್ಲಿ ಮೆಥಡಿಸ್ಟ್ ಕ್ರೈಸ್ತರ ಕ್ಯಾಂಪ್ ಮೀಟಿಂಗ್, ಅಲ್ಲೇ ತಂಗಿ ಪ್ರಾರ್ಥನೆ-ಉಪದೇಶ ಕೇಳುವ ಕೂಟ, ಒಂದು ವಾರ ನಡೆಯುತ್ತಿತ್ತು. ಅಲ್ಲಿ ಅವರ ತಾತ ಕಟ್ಟಿದ ಮರದ ಬಿಡಾರವಿತ್ತು. ತೊಂಬತ್ತರ ದಶಕದ ನಡುವೆ, ಒಂದು ಬೇಸಿಗೆಯಲ್ಲಿ, ಅದು ಕೈತಪ್ಪುವ ಹಾಗಿತ್ತು.

ಹಿಂದಿನ ವರ್ಷ ಅಜ್ಜಿ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು; ಬಿಡಾರದ ಬಾಗಿಲು ತೆರೆದಿರಲಿಲ್ಲ. ಎರಡನೆಯ ವರ್ಷವೂ ಒಲೆ ಹೊತ್ತದೆ, ಪಾದ್ರಿಗಳಿಗೆ ಊಟ ಹಾಕುವ ಸರದಿ ತಪ್ಪಿದರೆ, ಬಿಡಾರ ಕಾದು ಕುಳಿತಿರುವ ಬೇರೆ ಕುಟುಂಬಕ್ಕೆ ಹೋಗಬೇಕೆಂಬುದು ಅಲ್ಲಿಯ ಕಟ್ಟಳೆ. ಅಜ್ಜಿಯ ಸರದಿ ಗುರುವಾರ. ಶಾರ್ಲೆಟ್‌ನಲ್ಲಿದ್ದ ಮಗಳಿಗೆ ರಜೆ ಸಿಗಲಿಲ್ಲ. ವಾಕರ್ ಹಿಡಿದು ನಡೆಯುತ್ತಿದ್ದ ಅಜ್ಜಿ ಒಲೆಯ ಮುಂದೆ ನಿಲ್ಲಲಾರರು.

"ನಾನು ಮಾಡ್ತೀನಿ ಬಿಡಿ," ಎಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ನಮ್ಮವರು ನಕ್ಕರು. "ಅವರಿಗೆ ಫ್ರೈಡ್ ಚಿಕನ್ ಆಗ್ಬೇಕು ಕಣೇ. ನೀನು ಮೊಟ್ಟೆ ಒಡೆಯೋಕ್ಕೂ ನನ್ನ ಕರೀತೀಯ."

"ಬೆಂಡೆಕಾಯಿ ಇದೆ, ಅಲಸಂದೆ ಇದೆ, ಅನ್ನ ಇದೆ. ಇನ್ನೇನ್ರೀ ಬೇಕು?"

"ಕೋಳಿ."

ಗುರುವಾರ ಬೆಳಿಗ್ಗೆಯೇ ಅಜ್ಜಿಯೂ ನಾನೂ ಹೋದೆವು. ನಡುವೆ ಗೋಡೆಗಳಿಲ್ಲದ ದೊಡ್ಡ ಚಾವಡಿ, ನೆಲಕ್ಕೆ ಒಣಹುಲ್ಲು, ಸುತ್ತ ಬಿಡಾರಗಳ ಸಾಲು. ಅಜ್ಜಿ ಜಗಲಿಯ ಮೇಲೆ ಕುಳಿತು ಅಲಸಂದೆ ಬಿಡಿಸುತ್ತಾ ಆ ಜಾಗದ ಕಥೆ ಹೇಳಿದರು. ಮೊದಮೊದಲು ಸುತ್ತಲಿನ ರೈತರು ಕಳೆ ಕೆಲಸ ಮುಗಿಸಿ, ಕೊಯ್ಲಿಗೆ ಮುಂಚಿನ ಬಿಡುವಿನಲ್ಲಿ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಗಾಡಿಯ ಹಿಂದೆ ಹಾಲಿಗೆ ಹಸು. ಮಲಗಲು ಬಟ್ಟೆಯ ಡೇರೆ, ಉಪದೇಶ ಕೇಳಲು ಸೊಪ್ಪಿನ ಚಪ್ಪರ. ಕ್ರಮೇಣ ಚಪ್ಪರ ಚಾವಡಿಯಾಯಿತು, ಡೇರೆಗಳು ಹಲಗೆ ಮನೆಗಳಾದವು. ಒಮ್ಮೆ ಬೆಂಕಿ ಬಿದ್ದು ಒಂದು ಸಾಲೇ ಸುಟ್ಟುಹೋದಾಗ ತಾತ ಮತ್ತೆ ಕಟ್ಟಿದ್ದು ಇದು.

"ನಮ್ಮೆಜಮಾನರು ನನ್ನ ನೋಡಿದ್ದೂ ಇಲ್ಲೇ ಕಣಮ್ಮ," ಎಂದರು. "ಪ್ರಾರ್ಥನೆ ಟೈಮಲ್ಲಿ ಕಣ್ಣು ಬಿಟ್ಕೊಂಡಿದ್ದೋರು ನಾವಿಬ್ರೇ."

ಮಧ್ಯಾಹ್ನ ಊಟದ ಕೊಂಬು ಊದಿದ ಮೇಲೆ ಮೂವರು ಪಾದ್ರಿಗಳು ಬಂದರು. ಜೊತೆಗೆ ಬಿಡಾರಗಳ ಉಸ್ತುವಾರಿ ನೋಡುವ ಹಿರಿಯರೊಬ್ಬರು. ಮನೆ ಯಾರಿಗೆಂದು ತೀರ್ಮಾನಿಸಬೇಕಾದವರು ಅವರೇ. ಮೇಜನ್ನೊಮ್ಮೆ, ಒಲೆಯನ್ನೊಮ್ಮೆ ನೋಡಿದರು.

"ಕೋಳಿ ಎಲ್ಲಿ?"

"ಎಲ್ಲೋ ಹಾಯಾಗಿದೆ," ಎಂದರು ಅಜ್ಜಿ. "ನೀನು ಕೂತ್ಕೊ."

ಪ್ರಾರ್ಥನೆಯಾಯಿತು. ದೊಡ್ಡ ಪಾದ್ರಿಗಳು ಅಲಸಂದೆ ಹುಳಿಯನ್ನು ಒಂದು ಚಮಚ ಬಾಯಿಗಿಟ್ಟು ತುಸು ತಡೆದರು. ಆಮೇಲೆ ಮುಗುಳ್ನಗುತ್ತಲೇ ಉಪ್ಪಿನ ಡಬ್ಬಿ ಎತ್ತಿ, ತಟ್ಟೆಗೆ ಉದುರಿಸಿ, ಪಕ್ಕದವರಿಗೆ ದಾಟಿಸಿದರು. ಡಬ್ಬಿ ಮೇಜನ್ನು ಒಂದು ಸುತ್ತು ಬಂತು. ನಾನು ಹುಳಿಗೆ ಉಪ್ಪು ಹಾಕಿಯೇ ಇರಲಿಲ್ಲ.

"ರುಚಿ ನೋಡ್ಲಿಲ್ವಾ?" ಅಜ್ಜಿ ಮೇಜಿನ ಅಂಚು ಹಿಡಿದುಕೊಂಡು ಪಿಸುಗುಟ್ಟಿದರು.

"ಗುರುಗಳು ಊಟ ಮಾಡೋಕ್ಕೆ ಮುಂಚೆ ನಾವು ಬಾಯಿಗೆ ಹಾಕ್ಕೊಳಲ್ಲ," ಎಂದೆ. ನಮ್ಮಮ್ಮ ಹಬ್ಬದ ಅಡುಗೆಯನ್ನೆಲ್ಲ ಕೈಯಂದಾಜಿನಲ್ಲೇ ಮಾಡುತ್ತಿದ್ದರು. ನನಗೆ ರೂಢಿ ಬಂದಿತ್ತು, ಅಂದಾಜು ಬಂದಿರಲಿಲ್ಲ.

ಹಿರಿಯರು ಫೋರ್ಕ್ ಕೆಳಗಿಟ್ಟರು. ಹೊಟ್ಟೆ ಕುಲುಕಿಸಿ ನಕ್ಕರು. "ನನ್ನ ಹೆಂಡ್ತಿ ಇವರ ಪಾಲಿನ ಅರ್ಧ ಕೋಳಿ ಪ್ರಾರ್ಥನೆಗೆ ಮುಂಚೇನೇ ಮುಗಿಸಿರ್ತಾಳೆ. ಕೇಳಿದ್ರೆ, ರುಚಿ ನೋಡ್ದೆ ಅಂತಾಳೆ."

"ಓ, ಅದಕ್ಕೇ ನನಗೆ ಯಾವಾಗ್ಲೂ ಕುತ್ತಿಗೇನೇ ಸಿಗೋದು," ಎಂದ ದೊಡ್ಡ ಪಾದ್ರಿಗಳು ಬೆಂಡೆಕಾಯಿ ಗೊಜ್ಜನ್ನು ಎರಡನೆಯ ಸಲ ಬಡಿಸಿಕೊಂಡರು.

ಹೊರಡುವಾಗ ಹಿರಿಯರು ಬಾಗಿಲಲ್ಲಿ ನಿಂತು ಟೋಪಿ ಹಾಕಿಕೊಂಡರು. "ಒಲೆ ಹೊತ್ತಿದೆ, ಪಾದ್ರಿಗಳ ಹೊಟ್ಟೆ ತುಂಬಿದೆ. ಸರದಿ ಸಂದಿತು. ಮನೆ ನಿಮ್ಮದೇ."

ಅಜ್ಜಿ ಕನ್ನಡಕ ಒರೆಸಿಕೊಂಡರು; ಒರೆಸುವಷ್ಟು ಕೊಳೆ ಅದಕ್ಕೇನೂ ಆಗಿರಲಿಲ್ಲ. ಆಮೇಲೆ ತಲೆಯೆತ್ತಿ ಮಾಡನ್ನು ನೋಡಿದರು.

"ಹಾಗಾದ್ರೆ ಆ ಮೂಲೆ ತಗಡು ಬದಲಾಯಿಸ್ಬೇಕು. ನಿನ್ನ ಗಂಡನಿಗೆ ಏಣಿ ಹತ್ತಕ್ಕೆ ಬರತ್ತಾ?"

ಶನಿವಾರ ನಮ್ಮವರು ಸುತ್ತಿಗೆ ಹಿಡಿದು ಮಾಡಿನ ಮೇಲಿದ್ದರು. ಅಜ್ಜಿ ವಾಕರ್ ಊರಿ ಕೆಳಗೆ ನಿಂತು, ಯಾವ ಮೊಳೆ ಎಲ್ಲಿಗೆ ಎಂದು ಹೇಳುತ್ತಿದ್ದರು.